ಹನ್ನೊಂದನೆಯ ಗೆರೆ

ಕೆರೆ ಬತ್ತಿದ ಇನ್ನೂರ ಹದಿನಾಲ್ಕನೆಯ ವರ್ಷ, ಎರಡನೆಯ ಧನುರ್ಮಾಸ, ಮೂವತ್ತೈದನೆಯ ದಿನ

ಕಾಡವರೆಯ ಹತ್ತು ಗೆರೆಗಳನ್ನು ಆರಿಸಿದ ಅಕ್ಕನಿಗೆ, ಅಥವಾ ಅಣ್ಣನಿಗೆ,

ನಿಮ್ಮ ಹೆಸರು ನಮ್ಮವರೆಗೆ ಬಂದಿಲ್ಲ, ಅದಕ್ಕೇ ಹೀಗೆ ಕರೆಯುತ್ತಿದ್ದೇನೆ. ತಾರೀಖು ಕಂಡು ಗಾಬರಿಯಾಗಬೇಡಿ. ಚಳಿ ತಡವಾಗಿ ಬರತೊಡಗಿದ ಮೇಲೆ ನಮ್ಮ ಹಿರಿಯರು ಧನುರ್ಮಾಸವನ್ನು ಎರಡು ಮಾಡಿ, ಎರಡನೆಯದಕ್ಕೆ ನಲವತ್ತು ದಿನ ಕೊಟ್ಟರು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡದಲ್ಲಿ ಬರೆಯಲು ಹೆಣಗುತ್ತಿದ್ದೇನೆ, ನಡುವೆ ನಮ್ಮದು ನುಗ್ಗಿಬಿಡುತ್ತದೆ.

ನಾನು ಮುನಿಬೈರಿ, ಕೆರೆಯಂಗಳ ಎಂಬ ಊರಿನ ಗೆರೆಗಾರ್ತಿ. ಎಲೆ ಜಜ್ಜಿ, ರಸವನ್ನು ಕಾಗದದ ಪಟ್ಟಿಯ ಮೇಲೆ ಬಿಟ್ಟು, ಮೂಡುವ ಗೆರೆಗಳನ್ನು ಓದಿ, ಯಾವ ಬಳ್ಳಿ ಯಾವುದಕ್ಕೆ ಹತ್ತಿರದ ನೆಂಟ ಎಂದು ಹೇಳುವುದು ನನ್ನ ಕೆಲಸ. ನೀವು ಇದನ್ನು ಆಣ್ವಿಕ ಗುರುತು ಎನ್ನುತ್ತಿದ್ದಿರಂತೆ. ಬಳ್ಳಿಯೊಳಗಿನ ಅಷ್ಟುದ್ದದ ಬರಹದಲ್ಲಿ ನೀವು ಹತ್ತು ಜಾಗ ಆರಿಸಿಕೊಟ್ಟಿರಿ, ನಾವು ಇಂದಿಗೂ ಆ ಹತ್ತನ್ನೇ ನೋಡುತ್ತೇವೆ. ಆ ಹತ್ತೇ ಯಾಕೆ? ಬೇರೆ ಜಾಗದಲ್ಲಿ ಏನಿತ್ತು? ಇದನ್ನು ಕೇಳಲು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ ನೋಡಿ.

ನಮ್ಮ ಬದುಕೆಲ್ಲ ನೆರಳುಬಲೆಯ ಕೆಳಗೆ. ಅಂಗಳದಗಲಕ್ಕೂ ಕಟ್ಟಿದ ಬಲೆ ಅದು; ಬಿಸಿಲು ಸರಿದಂತೆ ಅದನ್ನೂ ಎಳೆಯಬೇಕು, ಅದಕ್ಕೆ ಮನೆಗೊಂದು ಪಾಳಿ. ಮಧ್ಯಾಹ್ನ ಎಲ್ಲರೂ ಅಲ್ಲೇ ಕೂತು ನೆನೆಸಿದ ಅವರೆ ಹಿತಕುತ್ತೇವೆ. ಬೇಳೆ ಜಾರಿ ಎದುರಿನವರ ಮೂಗಿಗೆ ಬಡಿದರೆ ಇವತ್ತಿಗೂ ನಗುತ್ತೇವೆ. ಬೆಳಿಗ್ಗೆ ಅವರೆ, ಸಂಜೆ ಅವರೆ, ಬೇರೆ ಬೆಳೆ ಇಲ್ಲಿ ನಿಲ್ಲುವುದಿಲ್ಲ. ನಮ್ಮ ಹೊಲದ ಅವರೆಯೂ ನಿಮ್ಮ ಕಾಡವರೆಯ ಸಂತತಿಯೇ. ನೀರು ಕಡಿಮೆ, ಆದ್ದರಿಂದ ಜೋಡಿಕಟ್ಟಳೆ ಇದೆ: ಹೊಲದಲ್ಲಿರುವ ಜಾತಿಯ ಹತ್ತು ಗೆರೆಯೇ ಹೊರಗಿನ ಬಳ್ಳಿಗೂ ಬಂದರೆ, ಆ ಬಳ್ಳಿಗೆ ನೀರಿಲ್ಲ. ಈ ಕಟ್ಟಳೆಯೂ ನಿಮ್ಮ ಕಾಲದ್ದೇ ಅನ್ನುತ್ತಾರೆ. ನಿಜವೇ?

ಎರಡು ವರ್ಷದಿಂದ ಮಡಕೆಯೊಳಗಿನ ಅವರೆಗೆ ಹುಳು ಬಿದ್ದು ಹಿಟ್ಟಾಗುತ್ತಿದೆ. ಉಳಿದಿರುವುದು ಒಂದೇ ಬಿತ್ತನೆಗೆ ಸಾಲುವಷ್ಟು ಬೀಜ. ಅದೂ ಹೋದರೆ ಉಣ್ಣುವುದೇನನ್ನು, ಮಣ್ಣನ್ನೇ? ಹೀಗಿರುವಾಗ ಹಳೆಯ ಕೆರೆಕಟ್ಟೆಯ ಬಂಡೆಯ ಸಂದಿನಲ್ಲಿ ಒಂದು ಕಾಡವರೆ ಕಂಡೆ. ಕಾಯಿ ಬಳ್ಳಿಯಲ್ಲೇ ಒಣಗಿ ನಿಂತಿದ್ದವು, ಒಂದರಲ್ಲೂ ಹುಳುವಿನ ತೂತಿರಲಿಲ್ಲ. ಕುಣಿಯುವಷ್ಟು ಸಂತೋಷವಾಯಿತು! ಮನೆಗೆ ಓಡಿ ಬಂದು ಪಟ್ಟಿ ಇಟ್ಟೆ. ಹತ್ತಕ್ಕೆ ಹತ್ತೂ ಹೊಲದ ಅವರೆಯ ಗೆರೆಗಳೇ. ಮತ್ತೆ ಇಟ್ಟೆ, ಮತ್ತೆ ಅವೇ.

ಆದರೆ ಕೈಗೆ ಏನೋ ಅಂಟಿತ್ತು, ಜಿಡ್ಡು ಜಿಡ್ಡಾಗಿ, ಘಮ್ಮೆಂದು. ನಮ್ಮ ಅವರೆಗೆ ಯಾವ ವಾಸನೆಯೂ ಇಲ್ಲ. ಸೋದರತ್ತೆ ಯರ್ರಕ್ಕ ನನ್ನ ಅಂಗೈ ಹಿಡಿದು ಮೂಸಿ, “ಅಯ್ಯೋ, ಇದೇ ಕಣೇ ಸೊಗಡು ಅಂದ್ರೆ!” ಎಂದು ಕಣ್ಣೀರು ಹಾಕಿದಳು. ಅವಳೂ ಹುಟ್ಟಿದಾಗಿನಿಂದ ಸೊಗಡನ್ನು ಮೂಸಿದವಳಲ್ಲ. ಮತ್ತೆ ಹೇಗೆ ಗೊತ್ತಾಯಿತು? ಕೇಳಿದರೆ, “ಗೊತ್ತಾಯ್ತು ಬಿಡೇ” ಅನ್ನುತ್ತಾಳೆ. ಇದನ್ನೆಲ್ಲ ಊರ ಯಜಮಾನ ಚೌಡಪ್ಪನವರಿಗೆ ಹೇಳಿದರೆ ಅವರು, “ನಿನ್ ಪಟ್ಟೀನೇ ಒಂದೇ ಅಂತೈತೆ, ನೀನು ಬೇರೆ ಅಂತೀಯ. ಯಾರನ್ನ ನಂಬ್ಲಮ್ಮ?” ಎಂದರು.  ಈಗಲೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ: ಪಟ್ಟಿ ಸುಳ್ಳೋ, ಮೂಗು ಸುಳ್ಳೋ? ಎರಡೂ ನಿಜವಾದರೆ ನಾನು ಇಷ್ಟು ವರ್ಷ ಓದಿದ್ದು ಏನನ್ನು?

ಜೋಡಿ ಬಳ್ಳಿಗೆ ಜಾಗವೇಕೆಂದು ನಿನ್ನೆ ಊರವರು ಆ ಬಳ್ಳಿ ಕಿತ್ತು ಅಲ್ಲಿ ಬಲೆಯ ಕಂಬ ನೆಟ್ಟರು. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಕಾಯೆಲ್ಲ ತುಳಿತಕ್ಕೆ ಸಿಕ್ಕಿ ಪುಡಿಯಾಗಿದ್ದವು. ಒಂದು ಕಾಯಿ ಮಾತ್ರ ಸಿಕ್ಕಿತು, ಅದರಲ್ಲಿ ಎರಡು ಗಟ್ಟಿ ಬೀಜ. ಒಂದನ್ನು ಯರ್ರಕ್ಕತ್ತೆಯ ಒಲೆಯ ಪಕ್ಕದ ಕುಂಡದಲ್ಲಿ ಊರಿದ್ದೇನೆ. ಇನ್ನೊಂದು ಈ ಕಾಗದದ ಮಡಿಕೆಯಲ್ಲಿದೆ, ಜೋಪಾನ.

ಇಲ್ಲಿ ಹಿಂದಂಚೆ ಎಂಬುದಿದೆ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ, ಹಿಂದಿನ ಕಾಲಕ್ಕೆ. ಎಲ್ಲರೂ ಸತ್ತ ಅಮ್ಮನಿಗೋ ಅಜ್ಜಿಗೋ ಬರೆಯುತ್ತಾರೆ. ನನಗೂ ಅಮ್ಮ ಇದ್ದಳು. ಆದರೂ ಗುರುತಿಲ್ಲದ ನಿಮಗೆ ಬರೆಯುತ್ತಿದ್ದೇನೆ, ನೋಡಿ, ಇದಕ್ಕಿಂತ ಹುಚ್ಚು ಉಂಟೇ! ನಿಮ್ಮ ಮೇಜಿನ ಮೇಲೂ ಎರಡು ಪೊಟ್ಟಣ ಕಾಡವರೆ ಇರಬಹುದು. ಹತ್ತೂ ಗೆರೆ ಒಂದೇ ಎಂದು ಒಂದನ್ನು ಪಕ್ಕಕ್ಕಿಟ್ಟಿರಬಹುದು. ದಮ್ಮಯ್ಯ, ಎಸೆಯಬೇಡಿ. ನೀವು ಅದನ್ನು ಉಳಿಸಿದರೆ ಸೊಗಡೂ, ಹುಳು ಮುಟ್ಟದ ಕಾಯಿಯೂ ನಮ್ಮವರೆಗೆ ಬರುತ್ತವೆ. ಬಂದರೆ ನಾನು ಈ ಕಾಗದ ಬರೆಯುವುದೇ ಇಲ್ಲ. ಬರೆಯದಿದ್ದರೆ ನೀವು ಉಳಿಸುವುದು ಹೇಗೆ? ತಲೆ ಗಿರ್ರೆನ್ನುತ್ತಿದೆ, ಅದನ್ನು ಬಿಡಿ.

ಇಷ್ಟು ಮಾಡಿ. ಈ ಬೀಜವನ್ನು ಬಿತ್ತಿ. ಕಾಯಾದಾಗ ಮೊದಲು ಮೂಸಿ ನೋಡಿ, ಆಮೇಲೆ ಗೆರೆ ನೋಡಿ. ಹತ್ತೂ ಹೊಂದುತ್ತವೆ, ಈಗಲೇ ಹೇಳಿದ್ದೇನೆ. ಹೊಂದಿದಾಗ ನಿಲ್ಲಿಸದೆ, ಇದು ಬೇರೆಯೆಂದು ತೋರಿಸುವ ಹನ್ನೊಂದನೆಯ ಜಾಗ ಹುಡುಕಿ. ಅದು ಎಲ್ಲಿದೆಯೋ ನನಗೆ ತಿಳಿಯದು, ನನಗೆ ಕಲಿಸಿದ್ದು ಹತ್ತೇ.

ಕುಂಡದಲ್ಲಿ ಇನ್ನೂ ಏನೂ ಮೂಡಿಲ್ಲ. ನಿಮ್ಮಲ್ಲಿ ಮೂಡಿದರೆ, ಅದರ ಪೊಟ್ಟಣದ ಮೇಲೆ ‘ಅದೇ’ ಎಂದು ಮಾತ್ರ ಬರೆಯಬೇಡಿ.

ಇಂತು,
ಮುನಿಬೈರಿ