ಸಂಧಿಗಳಲ್ಲಿ ಲೋಪ

ಭಾನುವಾರ, ಮಧ್ಯಾಹ್ನ
ಮನೆಯಿಂದ

ಮುದ್ದು ಚಿನಕುರುಳಿಗೆ,

ಅಮ್ಮನ ಮನಃಪೂರ್ವಕ ಆಶೀರ್ವಾದಗಳು. ನಾನೂ ನಿಮ್ಮಪ್ಪನೂ ಆರೋಗ್ಯವಾಗಿದ್ದೇವೆ. ನೀನು ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯ ಎಂದು ನಂಬಿದ್ದೇನೆ. ನಂಬದೆ ನನಗೆ ಬೇರೆ ದಾರಿಯೂ ಇಲ್ಲ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತು, ಕ್ಷಮಿಸು. ಫೋನಿನಲ್ಲಿ ನೀನೂ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೆಗಡಿ, ಸೆಕೆ, ಅಪ್ಪನ ಕನ್ನಡಕದಂಗಡಿ ಎಂದು ಊರೆಲ್ಲ ಸುತ್ತಿ ಫೋನ್ ಇಟ್ಟೆವು. ಕಾಗದದಲ್ಲಿ ಕೇಳಿದ್ದಕ್ಕೆ ಕಾಗದದಲ್ಲೇ ಹೇಳೋಣ ಎಂದು ಈಗ ಕೂತಿದ್ದೇನೆ. ತಡಕ್ಕೆ ಕಾರಣ ನಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಮೇಳ. ಆ ಕಥೆಯನ್ನು ಹೇಳದೆ ನಿನ್ನ ಪ್ರಶ್ನೆಗೆ ಬರಲಾರೆ.

ನಿನ್ನ ಪ್ರಶ್ನೆ ನನಗೆ ಸರಿಯಾಗಿ ಅರ್ಥವಾಗಿದೆಯೇ ನೋಡು. ನಾಲ್ಕು ವರ್ಷ ರಸ್ತೆಬದಿಯ ಗೋಡೆಗಳಿಂದ ಪಾಚಿ ಕೆರೆದು, ಒಣಗಿಸಿ, ಪುಡಿ ಮಾಡಿ, ಯಂತ್ರಕ್ಕೆ ಹಾಕಿ ನೋಡಿದ್ದಾಯಿತು. ಪಾಚಿ ವಾಹನಗಳ ಹೊಗೆಯನ್ನು ಹೀರಿ ಬೀದಿಯ ಗಾಳಿಯನ್ನು ಶುಚಿ ಮಾಡುತ್ತದೆ ಎಂದು ತೋರಿಸಲು ಹೊರಟವಳಿಗೆ, ಹಾಗೇನೂ ಮಾಡುವುದಿಲ್ಲ ಎಂದು ಗೊತ್ತಾಯಿತು. ಪಾಚಿ ಇರುವ ಬೀದಿಯ ಗಾಳಿಯೂ ಇಲ್ಲದ ಬೀದಿಯ ಗಾಳಿಯೂ ಒಂದೇ. ‘ನನ್ನ ಕೈಯಲ್ಲಿ ಏನೂ ಇಲ್ಲ, ಪ್ರಬಂಧ ಬರೆಯದೆ ಬಿಟ್ಟು ಬಂದುಬಿಡಲೇ?’ ಎಂದು ಕೇಳಿದ್ದೀಯ. ಈ ತಿಂಗಳು ಮುಗಿಯುವುದರೊಳಗೆ ನಿನ್ನ ಗೈಡ್‌ಗೆ ಹೇಳಬೇಕು. ಇಷ್ಟೇ ತಾನೆ?

ಈಗ ಮೇಳದ ಕಥೆ ಕೇಳು. ಊರಿನ ಜನಕ್ಕೆ ನಾವು ಒಳಗೆ ಕೂತು ಏನು ಮಾಡುತ್ತೇವೆ ಎಂದು ಗೊತ್ತಾಗಲಿ ಅಂತ ನಮ್ಮ ಕುಲಪತಿಗಳು ಎಲ್ಲ ವಿಭಾಗದವರನ್ನೂ ಒಳಾಂಗಣ ಕ್ರೀಡಾಂಗಣದಲ್ಲಿ ಒಟ್ಟು ಹಾಕಿದರು. ಒಬ್ಬೊಬ್ಬರಿಗೆ ಒಂದು ಮೇಜು, ಒಂದು ಫಲಕ. ನನ್ನ ಫಲಕದ ತಲೆಬರಹ, ‘ಸಂಧಿಗಳಲ್ಲಿ ಲೋಪ: ವಯಸ್ಸಿನೊಂದಿಗೆ ಕಾಣುವ ಬದಲಾವಣೆಗಳು’. ಹಿರಿಯರು ಮಾತಾಡುವಾಗ ಯಾವ ಸ್ವರ ನುಂಗುತ್ತಾರೆ, ಕಿರಿಯರು ಯಾವುದನ್ನು ನುಂಗುತ್ತಾರೆ ಎಂಬ ನನ್ನ ಹಳೆಯ ಹುಚ್ಚು ನಿನಗೆ ಗೊತ್ತೇ ಇದೆ. ಮೇಜು ಹಂಚಿದ ಪುಣ್ಯಾತ್ಮ ತಲೆಬರಹ ಮಾತ್ರ ಓದಿದ್ದಾನೆ. ನನ್ನನ್ನು ಒಯ್ದು ವೈದ್ಯಕೀಯ ಸಾಲಿನಲ್ಲಿ, ಮೂಳೆ ಡಾಕ್ಟರ ಪಕ್ಕ ಕೂರಿಸಿದ!

ಬಾಗಿಲು ತೆಗೆದದ್ದೇ ತಡ, ಮಂಡಿನೋವಿನವರೆಲ್ಲ ಸಾಲುಗಟ್ಟಿದರು. ಒಬ್ಬ ಅಜ್ಜಿ ಸೀದಾ ಬಂದು ನನ್ನ ಕುರ್ಚಿಯಲ್ಲೇ ಕೂತು ಕಾಲು ಚಾಚಿದರು.

“ಮೆಟ್ಲು ಹತ್ತೋವಾಗ ಕಟಕ್ ಅನ್ನುತ್ತೆ ಮೇಡಂ. ಕೆಳಗೆ ಕೂತ್ಕೊಳ್ಳೋಕಾಗಲ್ಲ, ಕೂತ್ರೆ ಏಳೋಕಾಗಲ್ಲ.”

“ಅಜ್ಜಿ, ನಂದು ಆ ಸಂಧಿ ಅಲ್ಲ. ವ್ಯಾಕರಣದ ಸಂಧಿ.”

“ಯಾವ್ದಾದ್ರೇನಮ್ಮ, ನೋವು ಒಂದೇ ಅಲ್ವಾ? ಒತ್ತಿ ನೋಡಿ.”

ಒತ್ತಿ ನೋಡಿದೆ ಕಣೇ, ಏನು ಮಾಡಲಿ! ಆದರೆ ನನ್ನ ಕಿವಿ ಮಂಡಿಯ ಮೇಲಿರಲಿಲ್ಲ. ‘ಕೂತು’, ‘ಕೊಳ್ಳುವುದಕ್ಕೆ’, ‘ಆಗುವುದಿಲ್ಲ’ ಎಂಬ ಮೂರನ್ನೂ ಅಜ್ಜಿ ಒಂದೇ ಉಸಿರಿನಲ್ಲಿ ಹೊಲಿದು ‘ಕೂತ್ಕೊಳ್ಳೋಕಾಗಲ್ಲ’ ಮಾಡಿದ್ದರು. ಅವರನ್ನು ಮಾತಿಗೆಳೆದು, ಕೇಳಿಕೊಂಡು, ಧ್ವನಿಮುದ್ರಣ ಮಾಡಿಕೊಂಡೆ. ಅವರಿಗೆ ಬಹಳ ಖುಷಿಯಾಯಿತು. ಹೋಗುವಾಗ ಪಕ್ಕದವರಿಗೆ, “ಈ ಡಾಕ್ಟ್ರು ಒಳ್ಳೇವ್ರು, ಹೇಳಿದ್ದೆಲ್ಲ ಕೇಳಿಸ್ಕೊಳ್ತಾರೆ” ಎಂದು ಶಿಫಾರಸು ಮಾಡಿದರು. ಮೂಳೆ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಲ್ಲೇ ಇದ್ಬಿಡಿ ಮೇಡಂ, ನಂಗೆ ಅರ್ಧ ಕೆಲ್ಸ ಕಡಿಮೆ” ಎಂದರು.

ಮಧ್ಯಾಹ್ನ ಜನ ಕಡಿಮೆಯಾದಾಗ ಅವರ ಫಲಕ ಓದಿದೆ. ಮಂಡಿಗೆ ಚುಚ್ಚುವ ಒಂದು ಹೊಸ ಮದ್ದನ್ನು ಅವರು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಮದ್ದು ಚುಚ್ಚಿಸಿಕೊಂಡವರಿಗೆ ಎಷ್ಟು ಗುಣವೋ, ಬರೀ ಉಪ್ಪುನೀರು ಚುಚ್ಚಿಸಿಕೊಂಡವರಿಗೂ ಅಷ್ಟೇ ಗುಣ. ಅದನ್ನೇ ದೊಡ್ಡಕ್ಷರದಲ್ಲಿ ಬರೆದು ನೇತುಹಾಕಿದ್ದರು. “ಇಷ್ಟು ವರ್ಷ ದುಡಿದು ಉಪಯೋಗವಿಲ್ಲ ಅಂತ ಬರೆಯೋಕೆ ಬೇಜಾರಾಗ್ಲಿಲ್ವಾ ಸರ್?” ಎಂದು ಕೇಳಿದೆ. ಕೇಳುವಾಗ ನನ್ನ ಮನಸ್ಸಿನಲ್ಲಿ ನೀನೇ ಇದ್ದೆ.

“ಆಯ್ತು ಮೇಡಂ. ಒಂದು ವಾರ ಮನೇಲಿ ಯಾರ ಹತ್ರಾನೂ ನೆಟ್ಟಗೆ ಮಾತಾಡ್ಲಿಲ್ಲ. ಆದ್ರೆ ಈಗ ಆ ಅಜ್ಜಿಗೆ ಸೂಜಿ ಬೇಡ ಅಂತ ಹೇಳೋ ಧೈರ್ಯ ಇದೆಯಲ್ಲ, ಅದು ಬಂದಿದ್ದು ಅಲ್ಲಿಂದಲೇ” ಎಂದರು.

ಅಲ್ಲಿಂದೆದ್ದು ನಾನು ಸುತ್ತಾಡಲು ಹೊರಟೆ. ಮೂವತ್ತು ವರ್ಷ ಒಂದೇ ಆವರಣದಲ್ಲಿದ್ದರೂ ಪಕ್ಕದ ಕಟ್ಟಡದವರು ಏನು ಮಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಒಬ್ಬಳು ಜೇಡ ಬಲೆ ನೇಯುವುದನ್ನು ನಿಧಾನಗತಿಯಲ್ಲಿ ತೋರಿಸುತ್ತಿದ್ದಳು. ಸಂಗೀತ ವಿಭಾಗದವನೊಬ್ಬ ಬೇರೆ ಬೇರೆ ಊರಿನ ತಾಯಂದಿರು ಮಗು ಮಲಗಿಸುವಾಗ ಎಳೆಯುವ ರಾಗಗಳನ್ನು ಕೇಳಿಸುತ್ತಿದ್ದ. ಅಲ್ಲಿ ನಿಜವಾಗಿಯೂ ಒಂದು ಕೂಸು ನಿದ್ದೆ ಹೋಗಿತ್ತು. ಗಣಿತದ ಮೇಜಿನ ಮೇಲೆ ಒಂದು ಹಾಳೆ, ಒಂದು ಪೆನ್ಸಿಲ್, ಹಿಂದೆ ನಿನ್ನ ವಯಸ್ಸಿನ ಒಬ್ಬ ಹುಡುಗಿ.

“ಪ್ರಯೋಗ ಎಲ್ಲಮ್ಮ?” ಎಂದೆ.

“ತಲೇಲಿ ಮೇಡಂ” ಎಂದಳು. ಒಂದು ಬಗೆಯ ಸಮೀಕರಣಕ್ಕೆ ಉತ್ತರವೇ ಇರಲಾರದು ಎಂದು ಅವಳು ಸಾಧಿಸಿದ್ದಾಳಂತೆ. ಇನ್ನು ಯಾರೂ ಹುಡುಕುವ ಹಾಗೇ ಇಲ್ಲ. ಅವಳ ಗುರುಗಳು ಪಕ್ಕದಲ್ಲಿ ನಿಂತು, ಮಗಳ ಮದುವೆ ಮಾಡಿದವರ ಹಾಗೆ ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು.

ಇತಿಹಾಸದ ಮೇಷ್ಟರು ಮಾತ್ರ ಸಿಡಿಸಿಡಿ. ನದಿಯ ಹಳೆಯ ಸೇತುವೆ ಕಟ್ಟಿದವನ ಹೆಸರನ್ನು ಅವರು ದಫ್ತರಗಳಲ್ಲಿ ಹುಡುಕುತ್ತಲೇ ಇದ್ದಾರೆ, ಸಿಕ್ಕಿಲ್ಲವಂತೆ. “ಹಾಗಾದ್ರೆ ಹೆಸರು ಇಲ್ವಾ?” ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. “ಸಿಕ್ಕಿಲ್ಲ ಅಂದೆ. ಇಲ್ಲ ಅಂದ್ನಾ? ವ್ಯಾಕರಣದವ್ರು ನೀವೇ ಹೀಗಂದ್ರೆ ಹೇಗೆ?” ಎಂದು ಹರಿಹಾಯ್ದರು.

ಬೈಸಿಕೊಂಡು ವಾಪಸು ಬರುವಾಗ ತಲೆಯೊಳಗೆ ಅದೇ ಕೊರೆಯತೊಡಗಿತು. ನಮ್ಮ ಭಾಷೆಯಲ್ಲಿ ನಿಷೇಧಕ್ಕೆ ಎಷ್ಟು ಮಾತುಗಳಿವೆ ನೋಡು. ಗಣಿತದ ಹುಡುಗಿಯದು ‘ಆಗದು’. ಡಾಕ್ಟರದ್ದು ‘ಬೇಡ’. ಮೇಷ್ಟರದ್ದು ಪಾಪ, ‘ಇನ್ನೂ ಇಲ್ಲ’. ನೀನು ಕಾಗದದಲ್ಲಿ ‘ಏನೂ ಇಲ್ಲ’ ಎಂದು ಬರೆದಿದ್ದೀಯಲ್ಲ, ಅಲ್ಲೇ ನೀನು ತಪ್ಪಿದ್ದು. ಕೈ ಖಾಲಿಯಿದ್ದರೆ ‘ಇಲ್ಲ’. ನಿನ್ನ ಕೈ ಖಾಲಿಯಿಲ್ಲ ಕಣೇ. ಗಾಳಿಯನ್ನು ಶುಚಿ ಮಾಡುವುದು ಯಾವುದು ಎಂದು ಕೇಳಿದರೆ, ‘ಪಾಚಿ ಅಲ್ಲ’ ಎಂದು ಎದೆ ತಟ್ಟಿ ಹೇಳಬಲ್ಲವಳು ನೀನು. ಮುಂದೆ ಯಾವುದೋ ಊರಿನವರು ಬೀದಿಯಲ್ಲಿ ಮರ ಕಡಿದು, ಗೋಡೆಗೆ ಪಾಚಿ ಬೆಳೆಸಿದರೆ ಸಾಕು ಎಂದು ಹೊರಟಾಗ, ನಿನ್ನ ‘ಅಲ್ಲ’ ಎಲ್ಲಾದರೂ ಅಚ್ಚಾಗಿರಬೇಡವೇ? ‘ಇಲ್ಲ’ ಎಂದು ಹೇಳಿ ಎದ್ದು ಬರಬಹುದು. ‘ಅಲ್ಲ’ ಎಂದವರು ಯಾಕೆ ಅಲ್ಲ ಎಂದು ಬರೆದಿಡಬೇಕಾಗುತ್ತದೆ.

ಇದು ಮೇಷ್ಟರಗಿತ್ತಿಯ ಮಾತು, ಇಲ್ಲಿಗೆ ಮುಗಿಯಿತು. ನನ್ನ ವಿದ್ಯಾರ್ಥಿ ಬಂದು ಕೇಳಿದ್ದರೆ ಇಷ್ಟು ಹೇಳಿ ಕಳಿಸುತ್ತಿದ್ದೆ.

ಮಗಳಿಗೆ ಹೇಳುವುದು ಬೇರೆ. ನಿನಗೆ ಸಾಕಾಗಿದ್ದರೆ ಬಿಡು. ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀಯ. ನಿದ್ದೆ ಕೆಡಿಸಿಕೊಂಡು ಬರೆಯುವಂಥ ಪ್ರಬಂಧ ಜಗತ್ತಿನಲ್ಲಿ ಯಾವುದೂ ಇಲ್ಲ, ನನ್ನದೂ ಸೇರಿ. ನಿಮ್ಮಪ್ಪನನ್ನು ಕೇಳಿದೆ. ಯಾರದೋ ಕನ್ನಡಕದ ಮೂಗಿನ ಹತ್ತಿರ ಸಣ್ಣ ತಿರುಪು ಹಾಕುತ್ತಿದ್ದರು. ತಲೆಯೆತ್ತದೆ, “ಬರ್ಲಿ ಬಿಡು. ಅವ್ಳು ಬಿಟ್ಟು ಬಂದ್ರೆ ಪಾಚಿ ಅಳುತ್ತಾ?” ಎಂದರು. ಆಮೇಲೆ ಸಂಜೆಯೆಲ್ಲ ನಿನ್ನ ಕೋಣೆಯ ಕಿಟಕಿಯ ಚಿಲಕ ಸರಿಮಾಡುತ್ತಾ ಕೂತರು. ಬಂದರೆ ಕೋಣೆ ಇದೆ, ಚಿಲಕವೂ ಈಗ ಹಾಕಿಕೊಳ್ಳುತ್ತದೆ. ಬರೆದು ಮುಗಿಸಿ ಬಂದರೂ ಅದೇ ಕೋಣೆ.

ತೀರ್ಮಾನ ನಿನ್ನದು. ನನ್ನ ಮುಖ ನೋಡಿ ಮಾಡಬೇಡ. ತಲೆಗೆ ಎಣ್ಣೆ ಹಚ್ಚಿಕೊಂಡು, ಹೊಟ್ಟೆ ತುಂಬ ಉಂಡು, ಒಂದು ದಿನ ಪಾಚಿಯ ಸುದ್ದಿಯೇ ಇಲ್ಲದೆ ಮಲಗಿ ಆಮೇಲೆ ಯೋಚಿಸು. ಎಲ್ಲಿದ್ದರೂ ತಣ್ಣಗಿರು, ನಿನಗೆ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಮರೆತಿದ್ದು: ಮರೆತದ್ದೇನೂ ಅಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಒದ್ದಾಡಿದ್ದು. ಮೇಳ ಒಂದೇ ದಿನದ್ದು, ತಡಕ್ಕೆ ಅದು ನೆಪ. ನಿನ್ನ ಕಾಗದದ ಕೊನೆಯಲ್ಲಿ, ‘ನೀವು ಏನು ನಿರ್ಧರಿಸುತ್ತೀರೋ ಅದಕ್ಕೆ ನಾನು ಬದ್ಧಳು’ ಎಂದಿದೆ. ಆ ಸಾಲನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಅವರು ಸಮಾಧಾನ ಮಾಡಿದರು. “ನಮ್ಮಿಬ್ರಿಗೂ ಸೇರ್ಸಿ ಬರ್ದಿದ್ದಾಳೆ ಕಣೇ, ಅದಕ್ಕೇ ನೀವು ಅಂದಿರೋದು” ಎಂದರು. ಅದರ ಮುಂದಿನ ಸಾಲನ್ನು ನಾನು ಅವರಿಗೆ ಓದಲಿಲ್ಲ. ‘ಅಪ್ಪನಿಗೂ ನೀವೇ ತಿಳಿಸಿಬಿಡಿ.’ ಬಹುವಚನ ಯಾವುದು, ಮರ್ಯಾದೆ ಯಾವುದು ಎಂದು ನನಗೆ ಗೊತ್ತಾಗುವುದಿಲ್ಲವೇ ಚಿನಕುರುಳಿ? ಮಾತು ಕಲಿತಾಗಿನಿಂದ ನೀನು ನನ್ನನ್ನು ‘ನೀನು’ ಅಂದವಳು. ಬಾಗಿಲು ಬಡಿದು ಹೋದಾಗಲೂ ‘ಹೋಗೇ ನೀನು’ ಎಂದೇ ಹೋದವಳು. ಈಗ ಫೋನಿನಲ್ಲಿ ಎರಡೂ ಅನ್ನದೆ, ‘ಊಟ ಆಯ್ತಾ’, ‘ಅಪ್ಪ ಎಲ್ಲಿ’ ಎಂದು ಜಾರಿಕೊಳ್ಳುತ್ತೀಯ. ನಿನ್ನ ಸೋಲನ್ನು ಅಮ್ಮನಿಗೆ ಹೇಳಲಾಗದೆ ನನ್ನೊಳಗಿನ ಪ್ರೊಫೆಸರಿಗೆ ಹೇಳಿದೆಯಲ್ಲ, ನಾನು ನಿನಗೆ ಅಷ್ಟು ದೂರದವಳಾದೆನೇ? ಪ್ರಬಂಧ ಬರೆ, ಬಿಡು, ಹರಿದು ಒಲೆಗೆ ಹಾಕು. ನನ್ನ ಮೇಲೆ ಸಿಟ್ಟಿದ್ದರೆ ಬಾಯಿಗೆ ಬಂದಂತೆ ಬೈ. ಏಕವಚನದಲ್ಲಿ ಬೈ.