ಹೆಲ್ಗೆಗೆ ಇನ್ನೆರಡು ನಿಮಿಷ

ಗ್ರಾನ್‌ಸೆಲೆ,
ಫೆಬ್ರವರಿ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಮೊಮ್ಮಗಳು ಸಿಗ್ನೆಗೆ,

ನಿನ್ನ ಮೊಣಕಾಲು ಹೇಗಿದೆ, ಮೊದಲು ಅದನ್ನು ಹೇಳು. ಆಪರೇಷನ್ ಆದಮೇಲೆ ಊರುಗೋಲು ಬಿಟ್ಟು ನಡೆಯುತ್ತಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ನೀನಿರುವ ಆ ಸ್ವಿಟ್ಜರ್ಲೆಂಡಿನ ಡಾಕ್ಟರು ಮುಂದಿನ ಚಳಿಗಾಲಕ್ಕೆ ಮುಂಚೆಯೇ ಮತ್ತೆ ಆಡಬಹುದು ಅಂದರೂ ನೀನು ಮಾತ್ರ ಐಸ್ ಹಾಕಿ ಆಟ ಮುಗೀತು ಅನ್ನುತ್ತೀಯಂತೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಊಟ ಸರಿಯಾಗಿ ಮಾಡುತ್ತಿದ್ದೀಯಾ? ಫೋನಿನಲ್ಲಿ ನಿನ್ನ ಮುಖ ನೋಡಿದರೆ ಬರೀ ಚೀಸು ತಿಂದುಕೊಂಡು ಬದುಕಿರುವವಳ ಹಾಗೆ ಕಾಣುತ್ತೀಯ. ನಾನು ಗಟ್ಟಿಮುಟ್ಟಾಗಿದ್ದೇನೆ. ನಿಮ್ಮಜ್ಜ ಹೆಲ್ಗೆ ಹೋದಮೇಲೆ ಬಾಗಿಲ ಮುಂದಿನ ಹಿಮ ಎತ್ತಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಇದ್ದಾಗಲೂ ಆ ಮಹಾರಾಯರು ಅದನ್ನೇನು ದೊಡ್ಡದಾಗಿ ಮಾಡುತ್ತಿರಲಿಲ್ಲ ಬಿಡು, ಸಲಿಕೆಗೆ ಒರಗಿಕೊಂಡು ಹೋಗಿಬರುವವರ ಜೊತೆ ಹಿಂದಿನ ವಾರದ ಪಂದ್ಯ ಮಾತಾಡುತ್ತಿದ್ದರು ಅಷ್ಟೆ.

ನಿನ್ನೆಯ ಸಂಗತಿ ಪೂರ್ತಿ ಬರೆಯಬೇಕು. ಕ್ಲಬ್ಬಿನವರು ಅಜ್ಜನ ಹದಿನೇಳನೇ ನಂಬರಿನ ಅಂಗಿಯನ್ನು ಗೌರವಕ್ಕಾಗಿ ಐಸ್ ಆಟದ ರಿಂಕಿನ ಸೂರಿಗೆ ಏರಿಸುತ್ತಾರೆಂದು ನಿನಗೆ ಗೊತ್ತೇ ಇತ್ತು. ಒಮ್ಮೆ ಏರಿತೆಂದರೆ ಆಯಿತು, ನಮ್ಮ ಕ್ಲಬ್ಬಿನಲ್ಲಿ ಇನ್ನು ಯಾರೂ, ಗಂಡಸರಾಗಲಿ ಹೆಂಗಸರಾಗಲಿ, ಆ ನಂಬರು ತೊಡುವ ಹಾಗಿಲ್ಲ. ಆ ಸುದ್ದಿ ಹೇಳಿದಾಗ ನೀನು, "ಒಳ್ಳೇದೇ ಆಯ್ತು ಅಜ್ಜಿ, ಅದರ ಜೊತೆ ನನ್ನ ಸ್ಕೇಟೂ ನೇತುಹಾಕಿಬಿಡಿ" ಅಂದೆ. ನಕ್ಕೆ ಬೇರೆ. ಆ ನಗು ನನಗೆ ಹಿಡಿಸಲಿಲ್ಲ ಕಣೇ. ಪುಟ್ಟ ಮಗುವಾಗಿದ್ದಾಗ ಅಜ್ಜನ ಅಂಗಿಯನ್ನು ಹಿಮ್ಮಡಿತನಕ ಇಳಿಬಿಟ್ಟುಕೊಂಡು ಐಸ್ ಮೇಲೆ ಬಿದ್ದೂ ಎದ್ದೂ ಕಲಿತವಳು ನೀನು. ಯಾವ ತಂಡಕ್ಕೆ ಹೋದರೂ ಹದಿನೇಳೇ ಬೇಕೆಂದು ಹಟ ಹಿಡಿದವಳು. ಆ ನಂಬರು ಸೂರು ಸೇರಿದರೆ ನೀನು ಮನೆಗೆ ಬಂದು ಆಡುವ ಮಾತು ಅಲ್ಲಿಗೆ ಮುಗಿಯಿತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕೇಳಿಕೊಂಡು ಬಂದವರು ಯಾರು? ರಿಂಕಿನ ಒಂದು ಬದಿಯಲ್ಲಿ ನಿಂತೇ ಪಂದ್ಯ ನೋಡುವ ನಮ್ಮ ಅಭಿಮಾನಿಗಳು. ಅಜ್ಜನ ಶವಪೆಟ್ಟಿಗೆಯ ಹಿಂದೆ ಕೊರೆಯುವ ಚಳಿಯಲ್ಲಿ ಹಾಡುತ್ತಾ ನಡೆದವರು. ಅವರಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಹೂಂ ಅಂದೆ. ಅಂದ ದಿನದಿಂದ ಕಾಫಿ ಸಹ ರುಚಿಸುತ್ತಿರಲಿಲ್ಲ.

ಡೋಲು ಬಾರಿಸುವ ಯೆರ್ಕರ್ ಇದ್ದಾನಲ್ಲ, ನಮ್ಮ ಅಂಚೆಯವನು, ಆ ಕಡೆಯವರಿಗೆಲ್ಲ ಅವನೇ ಮುಂದಾಳು. ಕಳೆದ ವಾರ ಮನೆಗೆ ಬಂದು, ಕ್ಲಬ್ಬಿನವರು ಹೇಳಿದ ಒಂದು ನಿಮಿಷದ ಮೌನಕ್ಕೆ ತಾನು ಒಪ್ಪಿಲ್ಲ ಅಂದ. "ಒಂದು ನಿಮಿಷ ಎಲ್ಲರಿಗೂ ಮಾಡ್ತಾರೆ ಗುನ್ವೋರಮ್ಮ. ನಮ್ ಹೆಲ್ಗೆಗೆ ರೆಫರಿ ಯಾವತ್ತಾದ್ರೂ ಒಂದು ನಿಮಿಷ ಕೊಟ್ಟಿದ್ನಾ? ಎರಡು ನಿಮಿಷ ಕೂರಿಸೋಣ." ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ತಪ್ಪಾಡಿದವರನ್ನು ಎರಡೆರಡು ನಿಮಿಷ ಕೂರಿಸುವ ಆ ಗಾಜಿನ ಕಟಕಟೆಯಲ್ಲಿ ನಿಮ್ಮಜ್ಜ ಕಳೆದಷ್ಟು ಹೊತ್ತನ್ನು ನನ್ನ ಅಡುಗೆಮನೆಯಲ್ಲಿ ಕಳೆದಿದ್ದರೆ ಒಳ್ಳೇ ಅಡುಗೆಯವರಾಗುತ್ತಿದ್ದರು.

ನಿನ್ನೆ ಸಂಜೆ ರಿಂಕಿನ ದಾರಿಯುದ್ದಕ್ಕೂ ಹಿಮದಲ್ಲಿ ಗೂಡು ತೋಡಿ ದೀಪ ಇಟ್ಟಿದ್ದರು. ಒಳಗೆ ಕಾಲಿಡಲು ಜಾಗವಿಲ್ಲ. ಕೆನೆ ತುಂಬಿದ ಬನ್ನಿನ ಕಾಲ ಬೇರೆ, ಎಲ್ಲರ ಮೂಗಿನ ತುದಿಯೂ ಕೆನೆ ಮೆತ್ತಿ ಬೆಳ್ಳಗೆ. ಹೊಳೆಯಾಚೆಯ ಲಿಡೆನ್ ಊರಿನವರೂ ಬಸ್ಸು ಮಾಡಿಕೊಂಡು ಬಂದಿದ್ದರು, ಪಂದ್ಯ ಅವರ ಜೊತೆಗೇ ತಾನೇ. ಮೊದಲೆಲ್ಲ ಅಜ್ಜ ಆಟದ ಆ ಪಕ್ ಬಿಲ್ಲೆ ಮುಟ್ಟಿದರೆ ಸಾಕು, "ಹೆಲ್ಗೆ, ನಿನ್ ಬೆಂಚು ತಣ್ಣಗಾಗ್ತಿದೆ ಕಣೋ" ಅಂತ ರೇಗಿಸುತ್ತಿದ್ದವರು ಇವರೇ. ನಿನ್ನೆ ಅವರಲ್ಲೊಬ್ಬ ಮುದುಕ ಹದಿನೇಳು ಅಂತ ಕಸೂತಿ ಹಾಕಿದ ಒಂದು ದಿಂಬು ತಂದು, ಕಟಕಟೆಯ ಬೆಂಚಿನ ಮೇಲೆ ಇಟ್ಟು ತಟ್ಟಿ ಸರಿಮಾಡಿ ಹೋದ. ಹೆಂಡತಿ ಹೊಲಿದಳಂತೆ. ಶತ್ರುಗಳೆಂದರೆ ಇಂಥವರಿರಬೇಕು ಅನಿಸಿತು.

ಆಮೇಲೆ ಬಿರ್ಗರ್ ಬಂದ. ಅಜ್ಜನನ್ನು ಅತಿ ಹೆಚ್ಚು ಸಲ ಹೊರಗೆ ಕೂರಿಸಿದ ಆ ಹಳೇ ರೆಫರಿ. ಪಟ್ಟೆ ಅಂಗಿ ಹೊಟ್ಟೆಯ ಮೇಲೆ ಬಿಗಿದುಕೊಂಡಿತ್ತು, ಕೈಯಲ್ಲಿ ಊರುಗೋಲು. ಐಸ್ ಮೇಲೆ ಹಾಸಿದ ಕಂಬಳಿಯ ಮೇಲೆ ಮೆಲ್ಲಗೆ ನಡೆದು ಬಂದು ಸೀಟಿ ಊದಿ, ಕಟಕಟೆಯ ಕಡೆ ಕೈ ಚಾಚಿದ. "ಹೆಲ್ಗೆ. ಹೇಳದೆ ಕೇಳದೆ ಹೋಗಿದ್ದಕ್ಕೆ. ಎರಡು ನಿಮಿಷ." ಗಡಿಯಾರ ಎರಡು ನಿಮಿಷದಿಂದ ಕೆಳಗಿಳಿಯತೊಡಗಿತು. ಅಷ್ಟು ಜನ, ಒಂದು ಕೆಮ್ಮಿಲ್ಲ ಸಿಗ್ನೆ. ಎಲ್ಲರೂ ಆ ದಿಂಬನ್ನೇ ನೋಡುತ್ತಿದ್ದರು. ನಾನು ನೋಡಲಾರದೆ ತಲೆ ತಗ್ಗಿಸಿದೆ.

ಕೊನೇ ಹತ್ತು ಸೆಕೆಂಡು ಇರುವಾಗ ಯೆರ್ಕರನ ಡೋಲು ಶುರುವಾಯಿತು. ಅಜ್ಜ ಒಳಗೆ ಕೂತಾಗಲೆಲ್ಲ ಮಾಡುತ್ತಿದ್ದ ಹಾಗೇ ಜನ ಕಾಲು ಬಡಿಯುತ್ತಾ ಗಟ್ಟಿಯಾಗಿ ಎಣಿಸಿದರು, ಲಿಡೆನ್‌ನವರೂ ಸೇರಿಕೊಂಡರು. ಸೊನ್ನೆಗೆ ಬಂದದ್ದೇ ಬಾಗಿಲು ಕಾಯುವವನು ಕಟಕಟೆಯ ಬಾಗಿಲನ್ನು ದಡಾರನೆ ತೆರೆದ. ಯಾರೂ ಹೊರಗೆ ಬರಲಿಲ್ಲ. ಆದರೂ ಎದ್ದ ಆ ಕೂಗು! ಅಜ್ಜ ನಿಜವಾಗಿ ಐಸ್‌ಗೆ ಹಾರಿದಾಗಲೂ ಅಂಥ ಕೂಗು ಕೇಳಿರಲಿಲ್ಲ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಕ್ಲಬ್ಬಿನ ಅಧ್ಯಕ್ಷರು ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟರು. ಇನ್ನೊಂದು ತುದಿಯ ಕೋಲಿನಲ್ಲಿ ಅಂಗಿ ತೂಗುತ್ತಿತ್ತು. ಅದೇ ಅಂಗಿ, ಮೊಣಕೈಗೆ ನಾನೇ ತೇಪೆ ಹಾಕಿದ್ದು. ಎಳೆಯಲು ಹೇಳಿದರು. ಕೈ ಏಳಲಿಲ್ಲ. ಮತ್ತೊಮ್ಮೆ ಹೇಳಿದರು. ನಾನು ಹಗ್ಗ ಬಿಟ್ಟು ಅವರ ಕೈಯಿಂದ ಮೈಕು ಇಸಿದುಕೊಂಡೆ.

"ಆ ಬೆಂಚಿನ ಮೇಲೆ ಕೂತಾಗ್ಲೆಲ್ಲ ಅವರ ಕಣ್ಣು ಗಡಿಯಾರ ಬಿಟ್ಟು ಕದಲ್ತಿರ್ಲಿಲ್ಲ, ಯಾವಾಗ ಬಿಡ್ತಾರೋ ಅಂತ. ಈಗ ತಾನೇ ನೀವೇ ಬಾಗಿಲು ತೆಗೆದು ಹೊರಗೆ ಬಿಟ್ರಿ. ಮತ್ತೆ ಹಿಡಿದು ಸೂರಿಗೆ ಕಟ್ಟೋದು ನನ್ ಕೈಲಾಗಲ್ಲ. ಬೇಜಾರು ಮಾಡ್ಕೋಬೇಡಿ. ಹದಿನೇಳು ಆಡ್ಲಿ."

ಇಡೀ ರಿಂಕೇ ನನ್ನನ್ನು ದಿಟ್ಟಿಸುತ್ತಿತ್ತು. ಇವರ ಪ್ರೀತಿಗೆ ಮಣ್ಣು ಹಾಕಿದೆನಲ್ಲ ಅನಿಸಿತು. ಆಗ ಯೆರ್ಕರ್ ಡೋಲಿಗೆ ಒಂದೇ ಒಂದು ಏಟು ಹಾಕಿ, "ಅಜ್ಜಿ ಹೇಳಿದ್ದು ಕೇಳಿಸ್ತಲ್ಲ?" ಅಂದ. ಆಮೇಲೆ ನಡೆದದ್ದನ್ನು ಕಾಗದದಲ್ಲಿ ಬರೆಯಲಾರೆ. "ಹದಿನೇಳು ಆಡ್ಲಿ" ಅಂತ ಆ ಕಡೆಯಿಂದ ಶುರುವಾದದ್ದು ಈ ಕಡೆ, ಲಿಡೆನ್‌ನವರ ಕಡೆ, ಕಡೆಗೆ ಸಾಸೇಜು ಮಾರುವವಳ ಬಾಯಲ್ಲೂ. ಪಂದ್ಯ ಸೋತೆವು, ಅದು ಬೇರೆ ಮಾತು. ಅಧ್ಯಕ್ಷರ ಮುಖ ಮಾತ್ರ ಊದಿಕೊಂಡಿತ್ತು. ಮೊದಲೇ ಹೇಳಿದ್ದರೆ ಏಣಿ ಹತ್ತಿ ರಾಟೆ ಕಟ್ಟುವ ಕಷ್ಟ ತಪ್ಪುತ್ತಿತ್ತು ಅಂತ ಗೊಣಗಿದರು. ಎರಡು ಬನ್ನು ತಿಂದಮೇಲೆ ಸರಿಹೋದರು.

ನಿನ್ನ ಹೆಸರನ್ನು ನಾನು ಅಲ್ಲಿ ಎತ್ತಲಿಲ್ಲ ಮಗಳೇ. ಆಡು ಅಂತ ಬಲವಂತ ಮಾಡುವುದೂ ಇಲ್ಲ, ಕಾಲು ನಿನ್ನದು, ನೋವೂ ನಿನ್ನದು. ಆದರೆ ನಿನ್ನ ದಾರಿಗೆ ಅಡ್ಡಗೋಡೆ ಕಟ್ಟುವ ಕೆಲಸ ನನ್ನ ಕೈಯಿಂದ ಆಗಬಾರದು ಅನಿಸಿತು. ಇವತ್ತು ಬೆಳಿಗ್ಗೆ ಕಾಫಿ ಚೆನ್ನಾಗಿತ್ತು.

ಕಾಲಿನ ವ್ಯಾಯಾಮ ತಪ್ಪಿಸಬೇಡ. ಬೆಚ್ಚಗಿರು. ಯೆರ್ಕರ್, ಬಿರ್ಗರ್ ಇಬ್ಬರೂ ನಿನ್ನನ್ನು ಕೇಳಿದೆವೆಂದು ಬರೆಯಲು ಹೇಳಿದ್ದಾರೆ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಜ್ಜಿ,
ಗುನ್ವೋರ್

ತಾ.ಕ.: ಕಾಗದ ಅಂಚೆಪೆಟ್ಟಿಗೆಗೆ ಹಾಕಲು ಹೊರಟಿದ್ದೇನೆ, ಬೇಗ ಬರೆಯುತ್ತೇನೆ. ಹೆಂಗಸರ ತಂಡದ ಕೋಚ್ ಮಾರಿತ್ ನಿನ್ನೆ ನನ್ನ ಪಕ್ಕ ಕೂತು, ಆಗಸ್ಟಿನಲ್ಲಿ ಅಭ್ಯಾಸ ಶುರು, ಸಿಗ್ನೆ ಬರುತ್ತಾಳಾ ಅಂತ ಕೇಳಿದಳು. ಬರುತ್ತಾಳೆ ಅಂದುಬಿಟ್ಟೆ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿ. ಅಜ್ಜನ ಅಂಗಿ ಮನೆಗೆ ತಂದೆ, ನಿನಗೆ ದೊಡ್ಡದಾಗುತ್ತದೆ ಅಂತ ಇವತ್ತು ಎದ್ದವಳೇ ತೋಳು ಕತ್ತರಿಸಿ, ಪಕ್ಕ ಒಳಗೆ ತೆಗೆದು ಹೊಲಿದಿದ್ದೇನೆ. ಇನ್ನು ಅದು ಬೇರೆ ಯಾರಿಗೂ ಆಗುವುದಿಲ್ಲ.