ಹೊಳೆ ದಾಟಿದ ಮೇಲಿನ ಕಥೆ

ನಾಕ್‌ಗೊರಮ್, ಕೆರ್ರಿ
ಅಕ್ಟೋಬರ್ 9, 1937

ಪ್ರೀತಿಯ ಐಲೀಶ್,

ನಿನಗೂ ನಿನ್ನ ಮನೆಯವರಿಗೂ ದೇವರ ದಯೆ ಇರಲಿ. ನಿನ್ನ ಕಾಗದ ಬಂದು ಏಳು ತಿಂಗಳಾಯಿತು. ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ, ದಿನಾ ನೋಡುತ್ತೇನೆ, ದಿನಾ ನಾಳೆ ಬರೆದರಾಯಿತು ಅನ್ನುತ್ತೇನೆ. ಅಕ್ಕನ ಮಣ್ಣಿಗೆಂದು ಕಾರ್ಕ್‌ನಿಂದ ಬಂದು ಹೋದವಳಿಗೆ ನಾಲ್ಕು ಸಾಲು ಬರೆಯಲಾರದ ಇವನೆಂಥ ಭಾವ ಎಂದು ನೀನು ಬೈದುಕೊಂಡಿದ್ದರೆ ಸರಿಯಾಗಿಯೇ ಬೈದಿದ್ದೀಯ. ಕೈಬರಹ ನೋಡಿ ಮಾತ್ರ ನಗಬೇಡ. ಎಪ್ಪತ್ತಮೂರು ವರ್ಷದ ಈ ಬೆರಳುಗಳಿಗೆ ಗುದ್ದಲಿ ಒಗ್ಗಿದಷ್ಟು ಪೆನ್ನು ಒಗ್ಗಲಿಲ್ಲ.

ಆಲೂಗಡ್ಡೆ ಈ ಸಲ ಚೆನ್ನಾಗಿ ಬಂದಿದೆ. ಬೂದು ಹಸು ಕರು ಹಾಕಿತು. ನಿಮ್ಮಕ್ಕ ಗೊಬ್ನಿಟ್‌ಳ ಬೆಕ್ಕು ಅವಳ ಕುರ್ಚಿಯಲ್ಲೇ ಮಲಗುತ್ತದೆ, ನಾನು ಗದರಿದರೆ ಕಣ್ಣು ಕೂಡ ತೆರೆಯುವುದಿಲ್ಲ.

ಹೋದ ಮಂಗಳವಾರ ಕೋಲಮ್ ಮತ್ತೆ ಬಂದಿದ್ದ. ಅವನೇ, ದನಿ ಹಿಡಿಯುವ ಮೇಣದ ಉರುಳೆಯ ಪೆಟ್ಟಿಗೆ ಹೊತ್ತು ಊರೂರು ಸುತ್ತಿ ಮುದುಕರ ಕಥೆಗಳನ್ನು ಹಿಡಿದುಕೊಂಡು ಹೋಗುವ ಡಬ್ಲಿನ್ನಿನವನು. ಎರಡು ವರ್ಷದ ಹಿಂದೆ ನನ್ನಿಂದ ಮೂವತ್ತೊಂಬತ್ತು ಕಥೆ ಹೇಳಿಸಿ, ಪತ್ರಿಕೆಯಲ್ಲಿ ನನ್ನ ಹೆಸರು ಹಾಕಿಸಿದ್ದ. ಆಗ ನಾನು ಚರ್ಚಿನ ದಾರಿಯಲ್ಲಿ ಎದೆ ಉಬ್ಬಿಸಿ ನಡೆಯುವುದನ್ನು ಕಂಡು ನಿಮ್ಮಕ್ಕ, "ತೈಗ್, ಹೊಸ ಟೋಪಿ ತಗೋ. ಹಳೇದು ಇನ್ಮೇಲೆ ನಿನ್ ತಲೆಗೆ ಹಿಡಿಯಲ್ಲ" ಅಂದಿದ್ದಳು.

ಈ ಸಲ ಅವನಿಗೆ ಓಡಿಹೋದ ಜೋಡಿಯ ಕಥೆ ಬೇಕಿತ್ತು. ಪ್ರಾಯದ ಹೆಣ್ಣು ಮುದಿ ದಂಡನಾಯಕನ ಜೊತೆ ನಡೆಯಬೇಕಿದ್ದ ಮದುವೆಯ ಊಟದಿಂದಲೇ ಎದ್ದು, ಅವನ ವೀರನೊಬ್ಬನನ್ನು ಎಳೆದುಕೊಂಡು ಓಡಿದ್ದು, ದಂಡು ಬೆನ್ನಟ್ಟಿದ್ದು, ಇಬ್ಬರೂ ಒಂದು ಕಡೆ ಬೇಯಿಸಿ ಇನ್ನೊಂದು ಕಡೆ ಉಂಡು ಮತ್ತೊಂದು ಕಡೆ ಮಲಗುತ್ತಾ ನಮ್ಮ ಬೆಟ್ಟವನ್ನೆಲ್ಲ ಸುತ್ತಿದ್ದು. ಶುರು ಮಾಡಿದೆ. ಜೋಡಿಗಲ್ಲು ಬಂತು, ಬಿಳಿ ಹಸುವಿನ ಕಣಿವೆ ಬಂತು, ಹೊಳೆ ಬಂತು. ಹೊಳೆ ದಾಟಿಸಿದೆ. ಅಲ್ಲಿಗೆ ನಿಂತುಹೋಯಿತು. ಪೆಟ್ಟಿಗೆ ಗರಗರ ತಿರುಗುತ್ತಲೇ ಇತ್ತು, ನಾನು ಒಲೆಯ ಆಚೆ ಬದಿಯ ಕುರ್ಚಿ ನೋಡುತ್ತಾ ಕೂತಿದ್ದೆ.

ಐಲೀಶ್, ನಿನಗೆ ಇದು ಗೊತ್ತೋ ಇಲ್ಲವೋ. ನಲವತ್ತೆಂಟು ವರ್ಷ ನಾನು ಹೇಳಿದ ಕಥೆಗಳೆಲ್ಲ ನಿಮ್ಮಕ್ಕನವು, ನಿಮ್ಮಪ್ಪ ದನ ಮೇಯಿಸುತ್ತಾ ಅವಳಿಗೆ ಕೊಟ್ಟವು. ಆ ವೀರರ ಕಥೆಗಳನ್ನು ಹೆಂಗಸರು ನಾಲ್ಕು ಜನರ ಮುಂದೆ ಹೇಳಬಾರದೆಂಬ ನಮ್ಮ ಕಡೆಯ ಕಟ್ಟುಪಾಡು ನಿನಗೂ ಗೊತ್ತು. ಅದಕ್ಕೇ ಹಗಲಲ್ಲಿ ಬೆಟ್ಟ ಹತ್ತುತ್ತಾ ಅವಳು ನನಗೆ ಹೇಳುವುದು, ಚಳಿಗಾಲದಲ್ಲಿ ಊರವರು ಒಲೆಯ ಸುತ್ತ ಕೂತಾಗ ನಾನು ಹೇಳುವುದು. ಎಲ್ಲಾದರೂ ತಡವರಿಸಿದರೆ ಅವಳು ಹೆಣಿಗೆಯಿಂದ ತಲೆಯೆತ್ತದೆ ಬೆಕ್ಕನ್ನು ಗದರುವಳು: "ಏಯ್, ಮಡಕೇಲಿ ಮೂತಿ ಇಟ್ಯಾ?" ಓ, ಮುಂದೆ ಬರುವುದು ದಂಡಿನವರ ಕಡಾಯಿ ಕದ್ದದ್ದು! "ಇಲ್ಲೇನು ಕೆಲ್ಸ ನಿಂಗೆ, ಬಿಲದ ಹತ್ರ ಹೋಗಿ ಕಾಯಿ" ಅಂದರೆ ಗುಹೆಯ ಪ್ರಸಂಗ. "ಗಂಡ ಇಷ್ಟ್ ಚೆನ್ನಾಗಿ ಹೇಳ್ತಿದ್ರೆ ನಿಂಗೆ ಬೆಕ್ಕಿನ ಚಿಂತೆನಾ ಗೊಬ್ನಿಟ್?" ಎಂದು ಜನ ರೇಗಿಸುತ್ತಿದ್ದರು. "ಹೇಳೋರು ಹೇಳ್ಲಿ, ಹಾಲು ಕಾಯೋರು ಯಾರು?" ಎನ್ನುವಳು. ಎಲ್ಲರೂ ಎದ್ದು ಹೋದ ಮೇಲೆ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಅಂಥ ಸುಖ ಇನ್ನೆಲ್ಲಿ ಬರಬೇಕು.

ಕೋಲಮ್ ಪೆಟ್ಟಿಗೆ ನಿಲ್ಲಿಸಿ, "ಪರವಾಗಿಲ್ಲ ತೈಗ್, ಮುಂದಿನ ಗುರುವಾರ ಬರ್ತೀನಿ. ಇದನ್ನ ಯಾರಿಂದ ಕೇಳಿದ್ರಿ, ಅದೊಂದು ಹೇಳಿ, ಬರ್ಕೋತೀನಿ" ಅಂದ. ಪ್ರತಿ ಕಥೆಗೂ ಅವನು ಕೇಳುವ ಪ್ರಶ್ನೆ ಅದು. ಮೂವತ್ತೊಂಬತ್ತು ಸಲವೂ "ನಮ್ಮಪ್ಪನಿಂದ" ಎಂದಿದ್ದೆ. ನಮ್ಮಪ್ಪನೋ, ಹಸುವಿನ ಜೊತೆ ಕೂಡ ಮೂರು ಮಾತು ಆಡಿದವನಲ್ಲ! ಈ ಸಲ ಆ ಸುಳ್ಳು ಬಾಯಿಗೆ ಬರಲಿಲ್ಲ. "ಗುರುವಾರಾನೇ ಹೇಳ್ತೀನಿ" ಎಂದೆ.

ಮರುದಿನ ಬೆಳಿಗ್ಗೆ ಬೆಟ್ಟ ಹತ್ತಿದೆ, ಕಾಲಿಗಾದರೂ ನೆನಪಿರಬಹುದೆಂದು. ಜೋಡಿಗಲ್ಲಿನ ಹತ್ತಿರ ನಿಮ್ಮಕ್ಕ ಕಲ್ಲಿಗೆ ಕೈ ಕೊಟ್ಟು ನಿಂತು, "ಇಲ್ಲೇ ಆ ಹುಡುಗಿ ಮೊದಲ್ನೇ ಸಲ ಹಿಂದಕ್ಕೆ ನೋಡಿದ್ದು. ನೀನೂ ನೋಡು, ಸುಮ್ನೆ ಬಾಯಿಪಾಠ ಮಾಡ್ಬೇಡ" ಎನ್ನುತ್ತಿದ್ದಳು. ತಿರುಗಿದರೆ ಇಡೀ ಕೊಲ್ಲಿ ಕಾಣುತ್ತದೆ. ಹೊಳೆಯವರೆಗೂ ಅವಳ ಮಾತು ಕಿವಿಯಲ್ಲೇ ಇತ್ತು. ಹೊಳೆಯಾಚೆ ದಾರಿ ಎರಡಾಗುತ್ತದೆ, ಒಂದು ಕರಿಕೆರೆಗೆ, ಇನ್ನೊಂದು ಹಾಸುಗಲ್ಲಿಗೆ. ಅವಳಿಗೆ ಮೊಣಕಾಲು ನೋವು ಬಂದ ಮೇಲೆ ನಾವು ಅತ್ತ ಹೋಗಿ ಹನ್ನೆರಡು ವರ್ಷವಾಗಿತ್ತು. ಯಾವ ಕಡೆ ತಿರುಗಬೇಕೆಂದು ತಿಳಿಯಲಿಲ್ಲ. ಅಲ್ಲೇ ಕೂತು ಮಗುವಿನ ಹಾಗೆ ಅತ್ತೆ, ನಿನ್ನ ಹತ್ತಿರ ಮುಚ್ಚಿಡುವುದೇನು.

ಈಗ ಕೇಳುವುದಿಷ್ಟೇ. ನೀನೂ ಅದೇ ಅಪ್ಪನ ಹಿಂದೆ, ಅದೇ ದನಗಳ ಜೊತೆ ಓಡಾಡಿದವಳು. ಹೊಳೆ ದಾಟಿದ ಮೇಲೆ ಅವರು ಯಾವ ಕಡೆ ಹೋದರು? ಅಲ್ಲಿ ಹುಡುಗಿ ಅವನಿಗೆ ಏನೋ ಅಂದಳಲ್ಲ, ಏನದು? ನೆನಪಿದ್ದಷ್ಟು ಬರೆದು ಗುರುವಾರದೊಳಗೆ ಸಿಗುವ ಹಾಗೆ ಅಂಚೆಗೆ ಹಾಕು. ಕಥೆ ಪೂರ್ತಿಯಾಗಲಿ. ಅವನು ಕೇಳಿದಾಗ "ನನ್ನ ಹೆಂಡತಿಯಿಂದ" ಎನ್ನುತ್ತೇನೆ, ಹಿಂದಿನವನ್ನೂ ತಿದ್ದಿಸುತ್ತೇನೆ. ಊರು ನಗುವುದಾದರೆ ನಗಲಿ.

ಮೇರಿ ಮಾತೆ ನಿನ್ನನ್ನೂ ಮಕ್ಕಳನ್ನೂ ಕಾಯಲಿ. ನಿನ್ನ ಒಲೆ ಎಂದೂ ಆರದಿರಲಿ.

ನಿನ್ನ ಭಾವ,
ತೈಗ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದು ಇದನ್ನು ಬರೆಯುತ್ತಿದ್ದೇನೆ. ಕೋಲಮ್ ಮೊಟ್ಟಮೊದಲು ಬಂದ ದಿನ ನಿಮ್ಮಕ್ಕನ ಕಡೆ ತಿರುಗಿ, "ಅಮ್ಮಾ, ನಿಮಗೂ ಕಥೆ ಬರುತ್ತಾ?" ಎಂದು ಕೇಳಿದ. ಊರವರು ಯಾರೂ ಇರಲಿಲ್ಲ. ಅವಳು ಕೈ ಒರೆಸಿಕೊಂಡು, ಮುಕ್ಕಾಲಿ ಎಳೆದು ಪೆಟ್ಟಿಗೆಯ ಮುಂದೆ ಕೂತೇಬಿಟ್ಟಳು. ಬಾಯಿ ತೆರೆಯುವ ಮೊದಲೇ ನಾನು ನಕ್ಕು, "ಇವಳಿಗಾ? ಬ್ರೆಡ್ ಸುಡೋದು ಬಿಟ್ರೆ ಇವಳಿಗೇನ್ ಬರುತ್ತೆ?" ಅಂದೆ. ಅವಳೂ ನಕ್ಕಳು. ಎದ್ದು, ಮುಕ್ಕಾಲಿಯನ್ನು ಗೋಡೆಗೆ ಸರಿಸಿ ಅವನಿಗೆ ಚಹಾ ಮಾಡಲು ಹೋದಳು. ಆ ಪೆಟ್ಟಿಗೆಯ ಕೊಳವೆ ಎದುರು ಕೂತವರ ದನಿಯನ್ನಷ್ಟೇ ಹಿಡಿಯುತ್ತದಂತೆ. ಮಂಗಳವಾರ ಕೋಲಮ್‌ನನ್ನು ಕೇಳಿದೆ. ಆ ಉರುಳೆಗಳಲ್ಲಿ ಗೊಬ್ನಿಟ್‌ಳದು ಒಂದು ಕೆಮ್ಮು ಕೂಡ ಇಲ್ಲವಂತೆ.